ರೋಗಿ ‘ಸಿಬಿಡಿ ಎಣ್ಣೆ’ ಬಾಟಲಿ ತಂದು ಮೇಜಿನ ಮೇಲಿಟ್ಟಾಗ: ವೈದ್ಯರು ಏನು ನೋಡಬೇಕು, ಏನು ಹೇಳಬೇಕು

“ಡಾಕ್ಟ್ರೇ, ಇದು ಗಾಂಜಾದ್ದಂತೆ, ಆದ್ರೆ ಆಯುರ್ವೇದ ಅಂತ ಬರ್ದಿದೆ. ತಗೋಬಹುದಾ?” ಊರಿನ ಕ್ಲಿನಿಕ್‌ನಲ್ಲಿ ಕೂತ ಎಂಬಿಬಿಎಸ್ ವೈದ್ಯರಿಂದ ಹಿಡಿದು ಬೆಂಗಳೂರಿನ ನರರೋಗ ತಜ್ಞರವರೆಗೆ ಎಲ್ಲರಿಗೂ ಈಗ ಈ ಪ್ರಶ್ನೆ ಬರುತ್ತಿದೆ. ಓದುಗ ವೈದ್ಯರು ಕಳಿಸುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇದರ ಸುತ್ತಲೇ ಇರುತ್ತವೆ: ಇದು ಕಾನೂನುಬದ್ಧವೇ? ನಾನು ಬರೆದುಕೊಡಬಹುದೇ? ಬೇರೆ ಮಾತ್ರೆಗಳ ಜೊತೆ ಏನಾದರೂ ಎಡವಟ್ಟಾಗುತ್ತದೆಯೇ? ಅಮೆರಿಕದಲ್ಲಿ ನಿಯಮ ಸಡಿಲವಾಯಿತಂತೆ, ಇಲ್ಲೂ ಆಗುತ್ತದೆಯೇ?

ಉತ್ತರ ಕಾನೂನಿನ ಪುಸ್ತಕದಿಂದ ಶುರುವಾಗುವುದಿಲ್ಲ. ಬಾಟಲಿಯ ಹಿಂಬದಿಯ ಚೀಟಿಯಿಂದ ಶುರುವಾಗುತ್ತದೆ. ಆ ಬಾಟಲಿ ಯಾವ ಪರವಾನಗಿಯ ಮೇಲೆ ಮಾರುಕಟ್ಟೆಗೆ ಬಂದಿದೆ, ಒಳಗೆ ಯಾವ ಪದಾರ್ಥ ಎಷ್ಟು ಮಿಲಿಗ್ರಾಂ ಇದೆ ಎಂಬುದು ಗೊತ್ತಾದರೆ ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ನಾಲ್ಕು ಪದ

ಟಿಎಚ್‌ಸಿ: ಗಾಂಜಾ ಗಿಡದಲ್ಲಿ ಅಮಲೇರಿಸುವ ಅಂಶ. ಸಿಬಿಡಿ: ಅಮಲೇರಿಸದ, ಆದರೆ ಔಷಧ ಗುಣವಿರುವ ಅಂಶ. ಅಮಲಿಲ್ಲ ಎಂದರೆ ಅಡ್ಡಪರಿಣಾಮವಿಲ್ಲ ಎಂದಲ್ಲ, ಲಿವರಿಗೂ ಇತರ ಔಷಧಗಳಿಗೂ ಇದು ಚೆನ್ನಾಗಿಯೇ ತೊಡಕು ಮಾಡುತ್ತದೆ. ವಿಜಯಾ: ಆಯುರ್ವೇದದಲ್ಲಿ ಈ ಗಿಡಕ್ಕಿರುವ ಹೆಸರು. ಲೇಬಲ್ ಮೇಲೆ ‘ಗಾಂಜಾ’ ಎಂದು ಯಾರೂ ಬರೆಯುವುದಿಲ್ಲ, ‘ವಿಜಯಾ ಪತ್ರ’, ‘ವಿಜಯಾ ಸಾರ’ ಎಂದಿರುತ್ತದೆ. ಹೆಂಪ್ ಬೀಜದ ಎಣ್ಣೆ: ಅದೇ ಗಿಡದ ಬೀಜವನ್ನು ಗಾಣಕ್ಕೆ ಹಾಕಿ ತೆಗೆದ ಅಡುಗೆ ಎಣ್ಣೆ. ಇದಕ್ಕೂ ಸಿಬಿಡಿ ಎಣ್ಣೆಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ಹಂತ 1: ಕೇಳುವ ರೀತಿ

ಮುಖ ಗಂಟಿಕ್ಕಿಕೊಂಡು “ಗಾಂಜಾ ಸೇದ್ತೀರಾ?” ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಇಲ್ಲ. “ನಿದ್ದೆಗೋ ನೋವಿಗೋ ಆನ್‌ಲೈನಲ್ಲಿ ತರಿಸಿದ ಡ್ರಾಪ್ಸ್, ಮಾತ್ರೆ, ಲೇಹ್ಯ ಏನಾದ್ರೂ ತಗೊಳ್ತಿದ್ದೀರಾ? ಭಂಗಿ, ಸೊಪ್ಪು ಏನಾದ್ರೂ ಅಭ್ಯಾಸ ಇದೆಯಾ?” ಎಂದು ಬಿಪಿ, ಶುಗರ್ ಕೇಳುವ ದನಿಯಲ್ಲೇ ಕೇಳಿ. ಒಂದು ಎಚ್ಚರಿಕೆ: “ಎಣ್ಣೆ ತಗೊಳ್ತೀರಾ?” ಎಂದಷ್ಟೇ ಕೇಳಬೇಡಿ. ನಮ್ಮಲ್ಲಿ ಆ ಪ್ರಶ್ನೆಗಿರುವ ಅರ್ಥವೇ ಬೇರೆ, ಪಕ್ಕದಲ್ಲಿ ಹೆಂಡತಿ ಕೂತಿದ್ದರಂತೂ ಅಂದಿನ ಸಮಾಲೋಚನೆ ಅಲ್ಲಿಗೇ ಮುಗಿಯಿತು.

ಯಾದಗಿರಿ, ರಾಯಚೂರು ಕಡೆಯ ಕೆಲವು ಪಂಥಗಳಲ್ಲಿ ಗಾಂಜಾವನ್ನು ಭಕ್ತಿಯಿಂದ ಸೇವಿಸುವ ರೂಢಿಯಿದೆ. ಅಂಥವರಿಗೆ ಅದು ಚಟವಲ್ಲ, ಪ್ರಸಾದ. ‘ಮಾದಕ ವಸ್ತು’ ಎಂದು ಕೇಳಿದರೆ ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಶಿವರಾತ್ರಿ, ಹೋಳಿಯ ಮರುದಿನ ಮಂಪರಿನಲ್ಲಿ ಬಂದ ಮಗುವಿನ ತಂದೆತಾಯಿಯನ್ನೂ ಇದೇ ಸಮಾಧಾನದಿಂದ ಕೇಳಿ. ದೊಡ್ಡವರಿಗೆಂದು ಮಾಡಿದ ಥಂಡಾಯಿಯನ್ನೋ ಉಂಡೆಯನ್ನೋ ಮಗು ಬಾಯಿಗೆ ಹಾಕಿಕೊಂಡಿರಬಹುದು.

ಯಾವುದಕ್ಕೆ, ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ, ಊಟದ ಮುಂಚೆಯೋ ಆಮೇಲೋ ಎಂದು ಬರೆದುಕೊಳ್ಳಿ. ಕೊನೆಯದು ಯಾಕೆಂದು ಐದನೇ ಹಂತದಲ್ಲಿ ಹೇಳುತ್ತೇನೆ. ಮುಂದಿನ ಭೇಟಿಗೆ ಬಾಟಲಿಯನ್ನೇ ತರಲು ಹೇಳಿ. ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಸಾಲದು.

ಹಂತ 2: ಬಾಟಲಿ ತಿರುಗಿಸಿ, ಪರವಾನಗಿ ಹುಡುಕಿ

ನಮ್ಮ ದೇಶದಲ್ಲಿ ಇಂಥ ಉತ್ಪನ್ನ ಬರುವ ದಾರಿಗಳು ಬೆರಳೆಣಿಕೆಯಷ್ಟು.

ಒಂದು, ಆಯುರ್ವೇದ ಔಷಧವಾಗಿ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ರಾಜ್ಯದ ಆಯುಷ್ ಪರವಾನಗಿ ಪ್ರಾಧಿಕಾರ ತಯಾರಿಕಾ ಪರವಾನಗಿ ಕೊಟ್ಟಿರುತ್ತದೆ. ಲೇಬಲ್ ಮೇಲೆ ಆ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇರಬೇಕು. ಇನ್ನೊಂದು ಮುಖ್ಯ ವಿಷಯ: 1945ರ ನಿಯಮಗಳ ಶೆಡ್ಯೂಲ್ ಇ-1 ಎಂಬುದು ಆಯುರ್ವೇದ, ಸಿದ್ಧ, ಯುನಾನಿಯ ವಿಷ ದ್ರವ್ಯಗಳ ಪಟ್ಟಿ. ವತ್ಸನಾಭಿ, ದತ್ತೂರಗಳ ಸಾಲಿನಲ್ಲಿ ಭಂಗಿಯೂ ಅಲ್ಲಿದೆ, ಬೀಜವನ್ನು ಮಾತ್ರ ಹೊರಗಿಟ್ಟಿದ್ದಾರೆ. ಹಾಗಾಗಿ ಹೊಟ್ಟೆಗೆ ತೆಗೆದುಕೊಳ್ಳುವ ಔಷಧವಾದರೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು’ ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಲೇಬೇಕು. ಅದಿಲ್ಲದ ಬಾಟಲಿಯನ್ನು ಅನುಮಾನದಿಂದಲೇ ನೋಡಿ.

ಎರಡು, ಆಹಾರವಾಗಿ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಮಾನ್ಯ ಮಾಡಿತು. ಬೀಜದ ಎಣ್ಣೆಯಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು, ಆಹಾರದಲ್ಲಿ ಸಿಬಿಡಿ ಕಿಲೋಗೆ 75 ಮಿಲಿಗ್ರಾಂ ಮೀರಬಾರದು. ಪೊಟ್ಟಣದ ಮೇಲೆ ಗಿಡದ ಎಲೆಯ ಚಿತ್ರ ಹಾಕುವಂತಿಲ್ಲ, ಅಮಲಿನ ಸುಳಿವು ಕೊಡುವಂತಿಲ್ಲ. ಆಹಾರದ ಪರವಾನಗಿ ಸಂಖ್ಯೆಯ ಪಕ್ಕದಲ್ಲೇ ಏಳೆಸಳಿನ ಹಸಿರು ಎಲೆ ಕಂಡರೆ ಕಂಪನಿಯವರು ನಿಯಮ ಓದಿಲ್ಲ ಎಂದರ್ಥ. ಓದಿಯೂ ಹಾಕಿದ್ದರೆ ಇನ್ನೂ ಕೆಟ್ಟದ್ದು.

ಮೂರು, ಆಧುನಿಕ ಔಷಧವಾಗಿ. ಶುದ್ಧ ಸಿಬಿಡಿ ದ್ರಾವಣವನ್ನು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2018ರ ಜೂನ್‌ನಲ್ಲಿ ‘ಎಪಿಡಿಯೋಲೆಕ್ಸ್’ ಹೆಸರಿನಲ್ಲಿ ಒಪ್ಪಿತು. ಮೊದಲು ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್‌ಗಳಿಗೆ (ಮಕ್ಕಳಲ್ಲಿ ಶುರುವಾಗುವ, ಹತೋಟಿಗೆ ಬಾರದ ಫಿಟ್ಸ್ ರೋಗಗಳು), 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ರೋಗದ ಫಿಟ್ಸ್‌ಗೂ. ಭಾರತದಲ್ಲೂ 2023ರಲ್ಲಿ ಇಂಥದೇ ಸಿಬಿಡಿ ದ್ರಾವಣಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಮಿಲಿಗ್ರಾಂ ಲೆಕ್ಕದಲ್ಲಿ ಡೋಸ್ ಬರೆಯಲು ಬರುವುದು ಈ ಬಗೆಯದ್ದಕ್ಕೆ ಮಾತ್ರ.

ನಾಲ್ಕು, ಯಾವ ಪರವಾನಗಿಯೂ ಇಲ್ಲದ್ದು. ಅಮೆರಿಕದಲ್ಲಿರುವ ಮಗ ಕಳಿಸಿದ ಗಮ್ಮೀಸ್ (ಅಗಿಯುವ ಸಿಹಿ ಗುಳಿಗೆ), ಬ್ಯಾಂಕಾಕಿನಿಂದ ಸ್ನೇಹಿತ ತಂದ ಪೊಟ್ಟಣ. ಅಲ್ಲಿ ಅಂಗಡಿಯಲ್ಲಿ ರಸೀತಿ ಕೊಟ್ಟು ಮಾರುವ ಸರಕೇ ಇಲ್ಲಿ ವಿಮಾನ ನಿಲ್ದಾಣ ದಾಟಿದ ಕೂಡಲೇ ಎನ್‌ಡಿಪಿಎಸ್ (ಮಾದಕ ದ್ರವ್ಯಗಳ ಕಾನೂನು) ಪ್ರಕರಣವಾಗುತ್ತದೆ. ಬ್ಯಾಂಕಾಕಿನಿಂದ ‘ಹೈಡ್ರೋ ಗಾಂಜಾ’ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ತಂದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಸುದ್ದಿ ನೀವೂ ಓದಿರುತ್ತೀರಿ.

ಹಂತ 3: ಮಿಲಿಗ್ರಾಂ ಲೆಕ್ಕ ಹಾಕಿ

ಎಲ್ಲರೂ ಹಾರಿಸಿಬಿಡುವ ಹಂತ ಇದೇ. ರೋಗಿಯ ಎದುರಿಗೇ ಚೀಟಿಯ ಮೇಲೆ ಲೆಕ್ಕ ಮಾಡಿ ತೋರಿಸಿ, ಅರ್ಧ ಗಂಟೆಯ ಉಪದೇಶಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಬಾಟಲಿಯಲ್ಲಿ 30 ಎಂಎಲ್, ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘3000 ಮಿಲಿಗ್ರಾಂ’ ಎಂದಿದೆ ಎಂದಿಟ್ಟುಕೊಳ್ಳಿ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಆಯಿತು. ಸುಮಾರು 20 ಹನಿಗೆ ಒಂದು ಎಂಎಲ್, ಅಂದರೆ ಹನಿಗೆ 5 ಮಿಲಿಗ್ರಾಂ. ಆದರೆ ಯಾವುದರ ಮಿಲಿಗ್ರಾಂ? ಹಿಂಬದಿ ನೋಡಿದರೆ ‘ವಿಜಯಾ ಪತ್ರ ಸಾರ’ ಎಂದಿರುತ್ತದೆ. ಅದು ಇಡೀ ಸಾರದ ತೂಕ, ಸಿಬಿಡಿಯ ತೂಕವಲ್ಲ. ಒಳಗೆ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಆ ಬ್ಯಾಚಿನ ಪ್ರಯೋಗಾಲಯ ವರದಿಯಲ್ಲಿ ಮಾತ್ರ ಗೊತ್ತಾಗುತ್ತದೆ. ವರದಿ ಕೇಳಿ. ಅದರ ಮೇಲಿನ ಬ್ಯಾಚ್ ಸಂಖ್ಯೆಯೂ ಬಾಟಲಿಯದ್ದೂ ಒಂದೇ ಇದೆಯೇ ನೋಡಿ. ಯಾವುದೋ ಹಳೆಯ ಬ್ಯಾಚಿನ ವರದಿಯನ್ನೇ ಎಲ್ಲರಿಗೂ ಕಳಿಸಿದರೆ ಅದರಿಂದ ಉಪಯೋಗವಿಲ್ಲ.

ಈಗ ಪಕ್ಕದಲ್ಲೇ ಇದನ್ನು ಬರೆಯಿರಿ. ಅನುಮೋದಿತ ಸಿಬಿಡಿ ದ್ರಾವಣವನ್ನು ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಮಕ್ಕಳಿಗೆ ಶುರು ಮಾಡುವುದು ದಿನಕ್ಕೆ ದೇಹತೂಕದ ಕಿಲೋಗೆ 5 ಮಿಲಿಗ್ರಾಂ, ಎರಡು ಸಲವಾಗಿ. ಒಂದು ವಾರದ ನಂತರ 10ಕ್ಕೆ ಏರಿಸುತ್ತಾರೆ, ಬೇಕಾದರೆ 20ರವರೆಗೆ. ಅಂದರೆ 20 ಕಿಲೋ ತೂಕದ ಮಗುವಿಗೆ ದಿನಕ್ಕೆ 100ರಿಂದ ಶುರುವಾಗಿ 200 ಮಿಲಿಗ್ರಾಂ ಶುದ್ಧ ಸಿಬಿಡಿ. ಆನ್‌ಲೈನ್‌ನವರು ಹೇಳಿದ ‘ಬೆಳಗ್ಗೆ ಐದು ಹನಿ, ರಾತ್ರಿ ಐದು ಹನಿ’ಯಲ್ಲಿ ಇರುವುದು ಒಟ್ಟು 50 ಮಿಲಿಗ್ರಾಂ ಸಾರ. ಅದರೊಳಗಿನ ಸಿಬಿಡಿ ಅದಕ್ಕಿಂತಲೂ ಕಡಿಮೆ, ಟಿಎಚ್‌ಸಿ ಮಾತ್ರ ಉಚಿತವಾಗಿ ಬಂದಿರಬಹುದು. ಫಿಟ್ಸ್ ನಿಲ್ಲಿಸುವಷ್ಟು ಸಿಬಿಡಿ ಇಲ್ಲ, ಬೆಳೆಯುವ ಮಿದುಳಿಗೆ ಬೇಡವಾದ ಟಿಎಚ್‌ಸಿ ಇದೆ. ಎರಡೂ ಕಡೆಯಿಂದ ನಷ್ಟ.

ಹೆಂಪ್ ಬೀಜದ ಎಣ್ಣೆಯ ಲೆಕ್ಕ ಇನ್ನೂ ತಮಾಷೆಯದು. ಕಿಲೋಗೆ ಗರಿಷ್ಠ 75 ಮಿಲಿಗ್ರಾಂ ಸಿಬಿಡಿ ಎಂದರೆ ಒಂದು ಟೀ ಚಮಚಕ್ಕೆ ಅರ್ಧ ಮಿಲಿಗ್ರಾಮೂ ಇಲ್ಲ. 200 ಮಿಲಿಗ್ರಾಂ ಬೇಕಾದರೆ ಎರಡೂವರೆ ಕಿಲೋಗಿಂತ ಹೆಚ್ಚು ಎಣ್ಣೆ ಕುಡಿಯಬೇಕು. ಚಟ್ನಿಪುಡಿಗೆ ಕಲಸಿಕೊಳ್ಳಲು ಅಡ್ಡಿಯಿಲ್ಲ, ಮಂಡಿನೋವಿಗೋ ನಿದ್ದೆಗೋ ಔಷಧವೆಂದು ದುಬಾರಿ ಬೆಲೆ ಕೊಡುವುದು ದಂಡ.

ಹಂತ 4: ನೀವು ಏನು ಬರೆಯಬಹುದು, ಏನು ಬರೆಯಬಾರದು

1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ರಾಳವನ್ನು ಚರಸ್ ಎಂದೂ, ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಗಾಂಜಾ ಎಂದೂ ಕರೆದು ನಿಷೇಧಿಸುತ್ತದೆ. ತುದಿಯಿಲ್ಲದೆ ಬಿಡಿಯಾಗಿರುವ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಎಲೆಯಿಂದ ಮಾಡುವ ಭಂಗಿ ಉಳಿದುಕೊಂಡಿರುವುದೂ, ವಿಜಯಾ ಕಂಪನಿಗಳು ‘ಪತ್ರ’ ಎಂಬ ಪದಕ್ಕೆ ಅಂಟಿಕೊಂಡಿರುವುದೂ ಈ ಸಂದಿಯಲ್ಲೇ.

ಇಲ್ಲಿ ಎರಡು ಕಡೆ ಎಡವುತ್ತಾರೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ನಿಜ. ಆದರೆ ಅದು ಒಂದು ಜಾಮೀನು ಅರ್ಜಿಯ ಆದೇಶ, ಆ ಸರಕು ಚರಸ್ ಅಥವಾ ಗಾಂಜಾದಿಂದ ಮಾಡಿದ್ದೆಂದು ತೋರಿಸುವ ವೈಜ್ಞಾನಿಕ ಸಾಕ್ಷ್ಯ ಕೋರ್ಟಿನ ಮುಂದಿರಲಿಲ್ಲ. ಭಂಗಿಯ ವ್ಯಾಪಾರ ರಾಜ್ಯದ ಅಬಕಾರಿ ಕಾನೂನಿಗೆ ಸೇರಿದ ವಿಷಯ. ಆದ್ದರಿಂದ “ಹೈಕೋರ್ಟೇ ಓಕೆ ಅಂದಿದೆ” ಎಂದು ರೋಗಿಗೆ ಹೇಳಬೇಡಿ. ಎರಡನೆಯದು, ಚರಸ್‌ನ ವ್ಯಾಖ್ಯೆಯಲ್ಲಿ ‘ಹಶೀಶ್ ಎಣ್ಣೆ’ಯಂಥ ಸಾಂದ್ರ ತಯಾರಿಕೆಗಳೂ ಬರುತ್ತವೆ. ಎಲೆಯಿಂದಲೇ ಶುರು ಮಾಡಿದರೂ ಸಾರವನ್ನು ಟಿಎಚ್‌ಸಿ ತುಂಬುವಷ್ಟು ಗಟ್ಟಿ ಮಾಡಿದಾಗ ಪೊಲೀಸ್ ಪ್ರಯೋಗಾಲಯ ಅದನ್ನು ಹೇಗೆ ನೋಡುತ್ತದೆ ಎಂಬ ಭರವಸೆಯನ್ನು ನಿಮ್ಮ ಲೆಟರ್‌ಹೆಡ್ ಕೊಡಲಾರದು.

ನೀವು ಅಲೋಪತಿ ವೈದ್ಯರಾದರೆ ವಿಜಯಾ ಉತ್ಪನ್ನವನ್ನು ನಿಮ್ಮ ಚೀಟಿಯಲ್ಲಿ ಬರೆಯಬೇಡಿ. ತಾನು ಓದದ ಪದ್ಧತಿಯಲ್ಲಿ ಔಷಧ ಕೊಡುವುದು ತನ್ನಷ್ಟಕ್ಕೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ರೋಗಿಗೆ ಬೇಕೇ ಬೇಕೆಂದರೆ ನೋಂದಾಯಿತ ಆಯುರ್ವೇದ ವೈದ್ಯರ ಬಳಿ ಪತ್ರ ಕೊಟ್ಟು ಕಳಿಸಿ, ಈಗ ನಡೆಯುತ್ತಿರುವ ಮಾತ್ರೆಗಳ ಪಟ್ಟಿಯನ್ನು ಆ ಪತ್ರದಲ್ಲಿ ತಪ್ಪದೆ ಸೇರಿಸಿ. ನೀವು ಆಯುರ್ವೇದ ವೈದ್ಯರಾದರೆ ಬರೆಯುವ ಹಕ್ಕು ನಿಮ್ಮದು, ಅದರ ಜೊತೆಗೆ ಹೊಣೆಯೂ: ಮುಖ ನೋಡದೆ, ಮಾತ್ರೆಪಟ್ಟಿ ಕೇಳದೆ ಎರಡು ನಿಮಿಷದ ವಿಡಿಯೋ ಕರೆಯಲ್ಲಿ ಚೀಟಿ ಕೊಡುವ ಕೆಲಸಕ್ಕೆ ನಿಮ್ಮ ನೋಂದಣಿ ಸಂಖ್ಯೆಯನ್ನು ಬಾಡಿಗೆಗೆ ಕೊಡಬೇಡಿ.

ಕ್ಯಾನ್ಸರ್, ಮಧುಮೇಹ ಗುಣವಾಗುತ್ತದೆ ಎಂಬ ಜಾಹೀರಾತು ಕಂಡರೆ ಅದು 1954ರ ಮಾಂತ್ರಿಕ ಪರಿಹಾರಗಳ ಜಾಹೀರಾತು ನಿಷೇಧ ಕಾಯ್ದೆಯ ಉಲ್ಲಂಘನೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2024ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಸ್ಪಷ್ಟ: ಕ್ಯಾನ್ಸರನ್ನೇ ಗುಣಪಡಿಸುವ ಚಿಕಿತ್ಸೆಯಾಗಿ ಗಾಂಜಾ ಬೇಡ. ಕಿಮೋ ವಾಂತಿ ಬೇರೆ ಔಷಧಗಳಿಗೆ ಬಗ್ಗದಿದ್ದಾಗ ಮಾತ್ರ ಅದಕ್ಕೊಂದು ಜಾಗವಿದೆ.

ಹಂತ 5: ಮಾತ್ರೆಪಟ್ಟಿಯ ಜೊತೆ ಹೋಲಿಸಿ

ಸಿಬಿಡಿ ಲಿವರಿನ ಕಿಣ್ವಗಳನ್ನು ತಡೆದು ಇತರ ಔಷಧಗಳ ಮಟ್ಟ ಏರಿಸುತ್ತದೆ. ನೆನಪಿಡಬೇಕಾದವು ಇವು.

ಫಿಟ್ಸ್ ಮಾತ್ರೆ ಕ್ಲೋಬಜಾಮ್ ತೆಗೆದುಕೊಳ್ಳುವ ಮಗುವಿಗೆ ಸಿಬಿಡಿ ಸೇರಿದರೆ ಕ್ಲೋಬಜಾಮ್‌ನ ಸಕ್ರಿಯ ಉಪವಸ್ತು ಸುಮಾರು ಮೂರು ಪಟ್ಟು ಏರುತ್ತದೆ. “ಎಣ್ಣೆ ಶುರು ಮಾಡಿದ ಮೇಲೆ ಮಗು ಶಾಂತವಾಗಿದೆ” ಎಂದು ತಾಯಿ ಹೇಳಿದಾಗ ಅದು ಶಾಂತಿಯೋ ಮಂಪರೋ ಎಂದು ನೋಡಿ. ಇನ್ನೊಂದು ಫಿಟ್ಸ್ ಔಷಧ ವಾಲ್‌ಪ್ರೊಯೇಟ್ ಜೊತೆ ಸೇರಿದರೆ ಲಿವರ್ ಕಿಣ್ವಗಳು ಏರುವ ಅಪಾಯ ಹೆಚ್ಚು. ಅನುಮೋದಿತ ದ್ರಾವಣದಲ್ಲೇ ಶುರುವಿಗೆ ಮುಂಚೆ, ಆಮೇಲೆ 1, 3, 6 ತಿಂಗಳಿಗೆ ಲಿವರ್ ಪರೀಕ್ಷೆಗಳಾದ ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್ ನೋಡಬೇಕೆಂಬ ಸೂಚನೆಯಿದೆ. ಲೆಕ್ಕ ಗೊತ್ತಿಲ್ಲದ ಹನಿಗಳಿಗೆ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವ ರೋಗಿಯ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಅಳತೆ) ಕಾರಣವಿಲ್ಲದೆ ಏರಿದರೆ, ಕಿಡ್ನಿ ಕಸಿಯಾದವರು ಅದನ್ನು ಉಳಿಸಿಕೊಳ್ಳಲು ತೆಗೆದುಕೊಳ್ಳುವ ಟಾಕ್ರೋಲಿಮಸ್‌ನ ಮಟ್ಟ ದಿಢೀರನೆ ಹೆಚ್ಚಿದರೆ ಈ ಬಾಟಲಿಯ ವಿಷಯ ಒಮ್ಮೆ ಕೇಳಿ. ನಿದ್ದೆ ಮಾತ್ರೆ, ಮದ್ಯ, ಓಪಿಯಾಯ್ಡ್ (ಅಫೀಮು ಬಗೆಯ) ನೋವುಮಾತ್ರೆಗಳ ಜೊತೆ ಮಂಪರು ಮಂಪರಿಗೆ ಕೂಡುತ್ತದೆ.

ಊಟದ ಪ್ರಶ್ನೆಗೆ ಬರೋಣ. ಕೊಬ್ಬು ಹೆಚ್ಚಿರುವ ಊಟದೊಡನೆ ತೆಗೆದುಕೊಂಡರೆ ರಕ್ತ ಸೇರುವ ಸಿಬಿಡಿ ನಾಲ್ಕು ಪಟ್ಟಿನಷ್ಟು ಹೆಚ್ಚುತ್ತದೆ. ಸೋಮವಾರ ಉಪವಾಸದ ಹೊಟ್ಟೆಯಲ್ಲಿ ಐದು ಹನಿ, ಮಂಗಳವಾರ ತುಪ್ಪದ ದೋಸೆಯ ಮೇಲೆ ಅದೇ ಐದು ಹನಿ, ಎರಡೂ ಒಂದೇ ಡೋಸಲ್ಲ. ತೆಗೆದುಕೊಳ್ಳುವುದೇ ಆದರೆ ಪ್ರತಿದಿನ ಒಂದೇ ರೀತಿ ತೆಗೆದುಕೊಳ್ಳಲಿ.

ದೊಡ್ಡ ಗುಂಡಿ ಮಾತ್ರ ಬೇರೆಯೇ ಇದೆ: ಮನೆಯವರು ಫಿಟ್ಸ್ ಮಾತ್ರೆಯನ್ನು ಸದ್ದಿಲ್ಲದೆ ನಿಲ್ಲಿಸುವುದು. “ಇದು ನ್ಯಾಚುರಲ್, ಅದು ಕೆಮಿಕಲ್” ಎಂಬ ಮಾತು ಎಲ್ಲಿಂದಲೋ ಕಿವಿಗೆ ಬಿದ್ದಿರುತ್ತದೆ. ಒಂದೇ ದಿನ ವಾಲ್‌ಪ್ರೊಯೇಟ್ ನಿಲ್ಲಿಸಿದ ಮಗು ನಿಲ್ಲದ ಫಿಟ್ಸ್‌ನೊಡನೆ ಐಸಿಯು ಸೇರಿದರೆ ತಪ್ಪು ಎಣ್ಣೆಯದ್ದೋ ಮಾತ್ರೆ ಬಿಟ್ಟಿದ್ದರದ್ದೋ ಎಂಬ ಜಿಜ್ಞಾಸೆಗೆ ಆಗ ಸಮಯವಿರುವುದಿಲ್ಲ. “ಇದನ್ನು ಕೊಟ್ಟರೂ ಅದನ್ನು ನಿಲ್ಲಿಸಬೇಡಿ” ಎಂದು ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ ಚೀಟಿಯ ಮೇಲೆ ಬರೆದುಕೊಡಿ.

ಹಂತ 6: ಖಡಾಖಂಡಿತವಾಗಿ ಬೇಡ ಎನ್ನಬೇಕಾದವರು

ಗರ್ಭಿಣಿಯರು, ಎದೆಹಾಲು ಉಣಿಸುವವರು, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಆಗಿದ್ದವರು ಅಥವಾ ಮನೆತನದಲ್ಲಿ ಅದು ಇರುವವರು, ಹದಿಹರೆಯದವರು (ಫಿಟ್ಸ್‌ಗೆ ಕೊಡುವ ಅನುಮೋದಿತ ದ್ರಾವಣದ ಮಾತು ಬೇರೆ). ಹೃದ್ರೋಗಿಗಳಿಗೆ ಟಿಎಚ್‌ಸಿ ಎದೆಬಡಿತ ಏರಿಸುತ್ತದೆ, ಅವರಿಗೂ ಬೇಡ.

ಶಸ್ತ್ರಚಿಕಿತ್ಸೆಗೆ ಬಂದ ಪ್ರತಿಯೊಬ್ಬರನ್ನೂ ಕೇಳಿ. ಅಮೆರಿಕದ ಅರಿವಳಿಕೆ ತಜ್ಞರ ಸಂಘ ಆಸ್ರಾದ 2023ರ ಮಾರ್ಗಸೂಚಿ ಹೇಳುವಂತೆ ಸೇದಿ ಕನಿಷ್ಠ ಎರಡು ಗಂಟೆ ಕಳೆಯುವವರೆಗೆ ತುರ್ತಿಲ್ಲದ ಶಸ್ತ್ರಚಿಕಿತ್ಸೆ ಮುಂದೂಡಬೇಕು. ಬಾಯಿಂದ ತೆಗೆದುಕೊಂಡದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಏನೂ ಆಗಲಿಲ್ಲವೆಂದು ಇನ್ನೊಂದು ಉಂಡೆ ನುಂಗಿದವರೇ ತುರ್ತು ವಿಭಾಗಕ್ಕೆ ಬರುವುದು.

ಪದೇ ಪದೇ ವಾಂತಿ, ಹೊಟ್ಟೆನೋವು, ಬಿಸಿನೀರು ಸುರಿದುಕೊಂಡರೆ ಮಾತ್ರ ಸಮಾಧಾನ ಎನ್ನುವ ಯುವಕ ಬಂದರೆ ಎಂಡೋಸ್ಕೋಪಿಗೆ ಮುಂಚೆ ಸೊಪ್ಪಿನ (ಗಾಂಜಾದ) ಬಗ್ಗೆ ಕೇಳಿ. ವರ್ಷಗಟ್ಟಲೆ ಸೇದುವವರಲ್ಲಿ ಬರುವ ವಾಂತಿ ರೋಗ ಅದಾಗಿರಬಹುದು. ನಿಲ್ಲಿಸುವುದೇ ಅದಕ್ಕೆ ಚಿಕಿತ್ಸೆ. ನಿಲ್ಲಿಸಲು ಸಹಾಯ ಬೇಕೆಂದರೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ಎನ್‌ಡಿಪಿಎಸ್‌ನ 64ಎ ಕಲಂ ರಕ್ಷಣೆ ಕೊಡುತ್ತದೆ ಎಂಬುದೂ ಅವರಿಗೆ ಗೊತ್ತಾಗಲಿ.

ಹಂತ 7: ಹೊರದೇಶದ ಸುದ್ದಿಯನ್ನು ಅದರ ಜಾಗದಲ್ಲಿಡಿ

2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ 27-25 ಮತಗಳಿಂದ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆಯಿತು, ಭಾರತವೂ ಪರವಾಗಿ ಮತ ಹಾಕಿತು. ಅದರಿಂದ ಎನ್‌ಡಿಪಿಎಸ್‌ನ ಒಂದಕ್ಷರವೂ ಬದಲಾಗಲಿಲ್ಲ. ಅಮೆರಿಕದಲ್ಲಿ ಗಾಂಜಾವನ್ನು ಮಾದಕ ದ್ರವ್ಯಗಳ ಅತಿ ಬಿಗಿಯಾದ ಮೊದಲ ಶೆಡ್ಯೂಲ್‌ನಿಂದ (ಪಟ್ಟಿಯಿಂದ) ಸಡಿಲವಾದ ಮೂರನೆಯದಕ್ಕೆ ಇಳಿಸುವ ಕೆಲಸ ಚುರುಕುಗೊಳಿಸಲು ಅಧ್ಯಕ್ಷ ಟ್ರಂಪ್ 2025ರ ಡಿಸೆಂಬರ್‌ನಲ್ಲಿ ಆದೇಶಕ್ಕೆ ಸಹಿ ಹಾಕಿದರು. ವಿಚಿತ್ರವೆಂದರೆ ಅದಕ್ಕೆ ತಿಂಗಳ ಮುಂಚೆ ಅದೇ ದೇಶ, ಅಂಗಡಿಯಲ್ಲಿ ಸಿಗುವ ಹೆಂಪ್ ಗಮ್ಮೀಸ್‌ಗಳಿಗೆ ಪೊಟ್ಟಣಕ್ಕೆ 0.4 ಮಿಲಿಗ್ರಾಂ ಟಿಎಚ್‌ಸಿ ಎಂಬ ಬಿಗಿ ಮಿತಿಯನ್ನು, ಒಂದು ವರ್ಷದ ಗಡುವು ಕೊಟ್ಟು, ಕಾನೂನು ಮಾಡಿತ್ತು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಬಾಗಿಲು ಪೂರ್ತಿ ತೆರೆದು 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಜರ್ಮನಿ 2024ರ ಏಪ್ರಿಲ್‌ನಲ್ಲಿ ಸಡಿಲಿಸಿತು, ಆನ್‌ಲೈನ್ ಚೀಟಿಗಳ ಭರಾಟೆ ನೋಡಿ ಈಗ ಬಿಗಿ ಮಾಡಲು ಹೊರಟಿದೆ. ತೆರೆದವರೆಲ್ಲ ಮತ್ತೆ ಕೇಳುತ್ತಿರುವುದು ವೈದ್ಯರನ್ನೇ ಎಂಬುದು ನನ್ನ ಕಣ್ಣಿಗೆ ಬಿದ್ದ ಸಂಗತಿ.

ನಮ್ಮಲ್ಲಿ ಉತ್ತರಾಖಂಡ 2018ರಿಂದಲೇ ಶೇ. 0.3 ಟಿಎಚ್‌ಸಿ ಮಿತಿಯ ಹೆಂಪ್ ಬೆಳೆಗೆ ಪರವಾನಗಿ ಕೊಡುತ್ತಿದೆ, ಹಿಮಾಚಲ ಪ್ರದೇಶ ಅದೇ ದಾರಿ ಹಿಡಿದಿದೆ. ಇವು ನಾರು, ಬೀಜ, ಕೈಗಾರಿಕೆಯ ಮಾತು. ನಿಮ್ಮ ರೋಗಿಯ ಬಾಟಲಿಗೆ ಇದರಿಂದ ಹೊಸ ಮಾನ್ಯತೆಯೇನೂ ಬರುವುದಿಲ್ಲ.

ಹಂತ 8: ದಾಖಲೆ, ವರದಿ, ಪ್ರಯಾಣ

ಕೇಸ್‌ಶೀಟಿನಲ್ಲಿ ಉತ್ಪನ್ನದ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್, ಹನಿಗಳ ಲೆಕ್ಕ, ನೀವು ಕೊಟ್ಟ ಎಚ್ಚರಿಕೆ ಎಲ್ಲವನ್ನೂ ಬರೆಯಿರಿ. ‘ಆಯುರ್ವೇದ ಎಣ್ಣೆ ತೆಗೆದುಕೊಳ್ಳುತ್ತಿದ್ದಾರೆ’ ಎಂಬ ಒಂದು ಸಾಲಿನಿಂದ ಮುಂದೆ ನೋಡುವ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅಡ್ಡಪರಿಣಾಮ ಕಂಡರೆ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024ಕ್ಕೆ ತಿಳಿಸಿ, ಆಯುಷ್ ಉತ್ಪನ್ನಕ್ಕೆ ಹತ್ತಿರದ ಆಯುರ್ವೇದ ಕಾಲೇಜಿನ ಜಾಗರೂಕತಾ ಕೇಂದ್ರವನ್ನು ಕೇಳಿ.

ಕರಾವಳಿಯ ವೈದ್ಯರಿಗೆ ಇನ್ನೊಂದು ಮಾತು. ರೋಗಿ ಕೊಲ್ಲಿ ದೇಶದ ಕೆಲಸಕ್ಕೆ ಹೊರಟಿದ್ದರೆ ಈ ಬಾಟಲಿಯನ್ನು ಬ್ಯಾಗಿಗೆ ಹಾಕಲೇಬಾರದು. ನಿಮ್ಮ ಚೀಟಿ, ಆಯುಷ್ ಪರವಾನಗಿ ಯಾವುದೂ ದುಬೈ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ, ಸಿಂಗಪುರದಲ್ಲೂ ಇಲ್ಲ. ಕೆಲಸದ ಮುಂಚಿನ ಮೂತ್ರ ಪರೀಕ್ಷೆ ಹುಡುಕುವುದು ಟಿಎಚ್‌ಸಿಯ ಉಪವಸ್ತುವನ್ನು. ಶುದ್ಧ ಸಿಬಿಡಿಗೆ ಅದು ಪಾಸಿಟಿವ್ ಬರುವುದಿಲ್ಲ, ಇಡೀ ಎಲೆಯ ಸಾರಕ್ಕೆ ಬರಬಹುದು. ದಿನವೂ ಸೇವಿಸುವವರಲ್ಲಿ ನಿಲ್ಲಿಸಿದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ವೀಸಾ ಬಂದಾಯಿತು, ಮುಂದಿನ ವಾರ ಮೆಡಿಕಲ್ ಎಂದು ಹೇಳುವ ಹುಡುಗ ಮಂಡಿನೋವಿಗೆ ಹನಿ ಹಾಕಿಕೊಳ್ಳುತ್ತಿದ್ದಾನೆಯೇ ಎಂದು ಕೇಳಿ, ಹೌದೆಂದರೆ ಮೆಡಿಕಲ್ ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳಲು ಹೇಳಿ.